ಉಯಿಲಿನ ಪಾಲು ಕೊಡದ ಎಕ್ಸಿಕ್ಯೂಟರ್: ನೋಟಿಸ್, ರಾಜಿ, ದಾವೆ, ದೂರು, ಯಾವಾಗ ಯಾವುದು?

ನಮ್ಮ ಅತ್ತೆಯ ಮನೆಯ ಬೀರುವಿನ ಬೀಗದಕೈ ಮೂರು ವರ್ಷ ಅವರ ಮೈದುನನ ಹತ್ತಿರ ಇತ್ತು. ಕೆಂಪು ದಾರ ಕಟ್ಟಿದ ಎರಡು ಕೈಗಳ ಗೊಂಚಲು. ಮಾವ ತೀರಿಕೊಂಡು ಹದಿಮೂರನೆಯ ದಿನದ ಊಟ ಮುಗಿದ ಮೇಲೆ, "ಕಾಗದಪತ್ರ ಎಲ್ಲ ನಾನು ಜೋಪಾನ ಮಾಡ್ತೀನಿ ಅತ್ತಿಗೆ" ಎಂದು ಅವರು ಅದನ್ನು ತೆಗೆದುಕೊಂಡರು. ಉಯಿಲಿನಲ್ಲಿ ಅವರನ್ನೇ ಎಕ್ಸಿಕ್ಯೂಟರ್ (ಉಯಿಲಿನಂತೆ ಆಸ್ತಿ ಹಂಚುವ ಹೊಣೆಗಾರ) ಎಂದು ಬರೆದಿದ್ದರಿಂದ ಯಾರೂ ಬೇಡ ಅನ್ನಲಿಲ್ಲ. ಉಯಿಲೂ ತೊಡಕಿನದಲ್ಲ: ಮನೆ ಅತ್ತೆಗೆ, ಬ್ಯಾಂಕಿನ ಠೇವಣಿ ಇಬ್ಬರು ಹೆಣ್ಣುಮಕ್ಕಳಿಗೆ ಸಮಪಾಲು. ಆದರೂ ಮನೆಯ ಮುಂದಿನ ಎರಡು ಮಳಿಗೆಗಳ ಬಾಡಿಗೆ ಮೈದುನನ ಕೈ ಸೇರುತ್ತಿತ್ತು. ಠೇವಣಿ ಎಷ್ಟು, ಯಾವ ಬ್ಯಾಂಕಿನಲ್ಲಿ ಎಂಬುದು ಮಕ್ಕಳಿಗೆ ಗೊತ್ತೇ ಇರಲಿಲ್ಲ. ಕೇಳಿದಾಗಲೆಲ್ಲ "ಆಷಾಢ ಕಳೀಲಿ", "ದಸರಾ ಮುಗೀಲಿ" ಎಂಬ ಉತ್ತರ.

ಸಲಹೆ ಕೊಡುವವರಿಗೆ ಬರವಿರಲಿಲ್ಲ. ಪೊಲೀಸರಿಗೆ ಕೊಡಿ ಎಂದರು ಒಬ್ಬರು. ಹೈಕೋರ್ಟಿಗೆ ಹೋಗಿ ಅವರನ್ನು ತೆಗೆಸಿ ಎಂದರು ಇನ್ನೊಬ್ಬರು. ಮನೆ ಮರ್ಯಾದೆ ಬೀದಿಗೆ ತರಬೇಡಿ ಎಂದರು ಬಹಳ ಜನ. ಯಾವ ದಾರಿ ಒಳ್ಳೆಯದು ಎಂದು ನಾವು ಎಲ್ಲರನ್ನೂ ಕೇಳಿದೆವು, ನಮಗೆ ಅಡ್ಡಿಯಾಗಿರುವುದು ಯಾವುದು ಎಂದು ಮಾತ್ರ ಕೂತು ಯೋಚಿಸಲಿಲ್ಲ. ಲೆಕ್ಕವೇ ಸಿಗುತ್ತಿಲ್ಲವೋ, ಲೆಕ್ಕ ಗೊತ್ತಿದ್ದೂ ಅವರ ಒಪ್ಪಿಗೆ ಸಿಗುತ್ತಿಲ್ಲವೋ, ಅಥವಾ ಆಸ್ತಿಯೇ ಕರಗುತ್ತಿದೆಯೋ? ಈ ಮೂರಕ್ಕೂ ಮದ್ದು ಬೇರೆ ಬೇರೆ. ತಪ್ಪು ಮದ್ದು ಹಿಡಿದರೆ ವರ್ಷಗಟ್ಟಲೆ ಕಾಲ ಹೋಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು: ಇದು ತಡವೋ, ತಡೆಯೋ?

ಭಾರತೀಯ ಉತ್ತರಾಧಿಕಾರ ಅಧಿನಿಯಮ, 1925ರ ಕಲಂ 337 ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ: ಉಯಿಲು ಬರೆದವರು ತೀರಿಕೊಂಡ ದಿನದಿಂದ ಒಂದು ವರ್ಷ ಕಳೆಯುವವರೆಗೆ ಯಾರ ಪಾಲನ್ನೂ ಕೊಡಲೇಬೇಕೆಂಬ ಕಟ್ಟುಪಾಡು ಎಕ್ಸಿಕ್ಯೂಟರ್‌ಗೆ ಇಲ್ಲ. ಆರು ತಿಂಗಳೊಳಗೆ ಕೊಡಿ ಎಂದು ಉಯಿಲಿನಲ್ಲೇ ಬರೆದಿದ್ದರೂ ಅಷ್ಟೇ. ಇದಕ್ಕೆ ನ್ಯಾಯವಾದ ಕಾರಣವಿದೆ. ಅಂತ್ಯಕ್ರಿಯೆ ಮತ್ತು ಕೊನೆಗಾಲದ ಚಿಕಿತ್ಸೆಯ ಖರ್ಚು, ಸಾಲ, ತೀರಿಕೊಂಡವರ ಹೆಸರಿನ ಕೊನೆಯ ಆದಾಯ ತೆರಿಗೆ ರಿಟರ್ನ್, ಇವೆಲ್ಲ ತೀರಿದ ಮೇಲೆ ಉಳಿದದ್ದರಲ್ಲೇ ಪಾಲು. ಸಾಲ ತೀರಿಸದೆ ಪಾಲು ಹಂಚಿದ ಎಕ್ಸಿಕ್ಯೂಟರ್ ಆಮೇಲೆ ಸ್ವಂತ ಕೈಯಿಂದ ಕೊಡಬೇಕಾಗಿ ಬರಬಹುದು. ಹಾಗಾಗಿ ಸಾವಾಗಿ ಎಂಟು ತಿಂಗಳಾಗಿದ್ದರೆ, ಎಕ್ಸಿಕ್ಯೂಟರ್ ಬ್ಯಾಂಕುಗಳಿಗೆ ಓಡಾಡುತ್ತಿರುವುದು ಕಾಣುತ್ತಿದ್ದರೆ, ಕಾಯುವುದೇ ಸರಿ.

ಕಾಯುವುದು ಅಂದರೆ ಕಣ್ಣುಮುಚ್ಚಿ ಕೂರುವುದಲ್ಲ. ವರ್ಷದೊಳಗೂ ಲೆಕ್ಕ ಕೇಳಬಹುದು. ಇನ್ನೊಂದು ವಿಷಯ ಎಷ್ಟೋ ಜನರಿಗೆ ತಿಳಿದಿರುವುದಿಲ್ಲ. ಇಂಥ ಮನೆ, ಇಂಥ ಜಮೀನು ಎಂದು ಗೊತ್ತುಮಾಡಿ ಬರೆದ ಆಸ್ತಿಯ ಬಾಡಿಗೆ, ಫಸಲಿನಂಥ ಆದಾಯ ಸಾವಿನ ದಿನದಿಂದಲೇ ಉಯಿಲಿನಂತೆ ಅದನ್ನು ಪಡೆಯುವ ಪಾಲುದಾರರದ್ದು. ಇಷ್ಟು ಲಕ್ಷ ಕೊಡಿ ಎಂದು ಬರೆದ ಮೊತ್ತವಾದರೆ, ಕೊಡುವ ಕಾಲವನ್ನು ಉಯಿಲು ಹೇಳಿರದಿದ್ದಾಗ, ಸಾಮಾನ್ಯವಾಗಿ ಒಂದು ವರ್ಷದ ನಂತರ ಬಡ್ಡಿ ಓಡುತ್ತದೆ. ಬರೆದವರು ತಂದೆತಾಯಿಯಾಗಿದ್ದು ಪಡೆಯುವವರು ಮಕ್ಕಳಾಗಿದ್ದರೆ ಸಾವಿನ ದಿನದಿಂದಲೇ. ಬರೆದವರು ಹಿಂದೂ, ಮುಸ್ಲಿಂ, ಬೌದ್ಧ, ಸಿಖ್ ಅಥವಾ ಜೈನರಾಗಿದ್ದರೆ ವರ್ಷಕ್ಕೆ ಶೇ 6, ಉಳಿದವರಿಗೆ ಶೇ 4. ಬ್ಯಾಂಕ್ ಬಡ್ಡಿಯ ಮುಂದೆ ಇದು ದೊಡ್ಡದೇನಲ್ಲ, ಆದರೆ ಲೆಕ್ಕದಲ್ಲಿ ಸೇರಬೇಕಾದ ಹಣವೇ ಹೌದು.

ವರ್ಷ ಕಳೆದಿದ್ದು, ಬರೆದು ಕೇಳಿದ ಮೇಲೂ ಉತ್ತರವಿಲ್ಲದಿದ್ದರೆ ಅದನ್ನು ತಡ ಎಂದು ಕರೆಯಬೇಡಿ. ಅದು ತಡೆ.

ಎಕ್ಸಿಕ್ಯೂಟರ್ ಕೈಯಿಂದಲ್ಲದೆ ಸಿಗುವ ಕಾಗದಗಳು

ಯಾವ ದಾರಿ ಹಿಡಿಯುವುದಿದ್ದರೂ ಇದು ಮೊದಲು. ಉಯಿಲು ನೋಂದಣಿಯಾಗಿದ್ದರೆ ಅದರ ಪ್ರತಿಗಾಗಿ ಎಕ್ಸಿಕ್ಯೂಟರ್ ಮನೆ ಬಾಗಿಲಿಗೆ ಹೋಗಬೇಕಾಗಿಲ್ಲ. ಬರೆದವರು ಬದುಕಿರುವಾಗ ಉಪನೋಂದಣಾಧಿಕಾರಿ ಕಚೇರಿ ಅದರ ನಕಲನ್ನು ಅವರಿಗೋ ಅವರ ಏಜೆಂಟರಿಗೋ ಬಿಟ್ಟು ಬೇರೆಯವರಿಗೆ ಕೊಡುವುದಿಲ್ಲ. ಸತ್ತ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಕೊಡಬೇಕು ಎನ್ನುತ್ತದೆ ನೋಂದಣಿ ಕಾಯ್ದೆಯ ಕಲಂ 57. ಮರಣ ಪ್ರಮಾಣಪತ್ರ ಹಿಡಿದು ಹೋದರೆ ಆಯಿತು. ಅತ್ತೆ ಮೂರನೆಯ ವರ್ಷದಲ್ಲಿ ಮಾಡಿದ್ದು ಇದನ್ನೇ. ಮೊದಲ ವರ್ಷವೇ ಮಾಡಬಹುದಾಗಿತ್ತು.

ಸ್ಥಿರಾಸ್ತಿಗೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಿಂದ ಋಣಭಾರ ಪತ್ರ ತೆಗೆಸಿ. ಎಕ್ಸಿಕ್ಯೂಟರ್ ಆದ ಅಣ್ಣನೋ ಚಿಕ್ಕಪ್ಪನೋ ಈಗಾಗಲೇ ಮಾರಿದ್ದಾರೆಯೇ, ಅಡವಿಟ್ಟಿದ್ದಾರೆಯೇ ಎಂಬುದು ಅದರಲ್ಲೇ ಕಾಣುತ್ತದೆ. ಜಮೀನಿಗೆ ಪಹಣಿ ಮತ್ತು ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿ ಬೇಕು. ಮರೆತುಹೋದ ಹಳೆಯ ಠೇವಣಿಗಳಿಗೆ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್ ನೋಡಬಹುದು. ಬೇರೆ ಬೇರೆ ಬ್ಯಾಂಕುಗಳಲ್ಲಿ ವಾರಸುದಾರರಿಲ್ಲದೆ ಉಳಿದ ಹಣವನ್ನು ಅಲ್ಲಿ ಒಂದೇ ಕಡೆ ಹುಡುಕಬಹುದು. ನಾಮಿನಿ ಎಂದು ಎಕ್ಸಿಕ್ಯೂಟರ್ ಹೆಸರಿದ್ದರೆ ಗಾಬರಿ ಬೇಡ. ವಿಮೆಯ ವಿಷಯದಲ್ಲಿ 1984ರಲ್ಲಿ, ಷೇರುಗಳ ವಿಷಯದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಒಂದೇ: ನಾಮಿನಿ ಹಣ ಪಡೆದುಕೊಳ್ಳುವ ಕೈ ಮಾತ್ರ, ಒಡೆಯನಲ್ಲ.

ಇನ್ನೊಂದು ಸಾಕ್ಷಿ ನಮ್ಮ ಕಣ್ಣಮುಂದೆಯೇ ಇತ್ತು. ಮುಂದಿನ ಮಳಿಗೆಯ ಟೈಲರ್ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿ ತಿಂಗಳ ಬಾಡಿಗೆ ಬರೆದು, ಪಕ್ಕದಲ್ಲಿ ಮೈದುನನ ಸಹಿ ಹಾಕಿಸಿಕೊಂಡಿದ್ದರು. ನೀಲಿ ಬಾಲ್‌ಪೆನ್ನಿನ ಮೂವತ್ತನಾಲ್ಕು ಸಹಿ. ಆಮೇಲೆ ಅದೇ ನಮಗೆ ಎಲ್ಲಕ್ಕಿಂತ ಗಟ್ಟಿ ದಾಖಲೆಯಾಯಿತು. ವಾಟ್ಸ್‌ಆ್ಯಪ್ ಸಂದೇಶಗಳನ್ನೂ ಅಳಿಸಬೇಡಿ, ಆ ಫೋನನ್ನೂ ಮಾರಬೇಡಿ. ಕೋರ್ಟಿನಲ್ಲಿ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕಾಗುತ್ತದೆ.

ಕವಲು: ಪ್ರೊಬೇಟ್ ಆಗಿದೆಯೇ, ಇಲ್ಲವೇ?

ಪ್ರೊಬೇಟ್ ಅಂದರೆ ಉಯಿಲು ನಿಜವೆಂದು ಒಪ್ಪಿ, ಅದನ್ನು ಜಾರಿ ಮಾಡಲು ಎಕ್ಸಿಕ್ಯೂಟರ್‌ಗೆ ಕೋರ್ಟು ಕೊಡುವ ಪತ್ರ. ಇಲ್ಲಿಂದ ದಾರಿಗಳು ಬೇರೆಯಾಗುತ್ತವೆ. ಬೇರೆ ಊರಿನ ನೆಂಟರು ಕೊಡುವ ಸಲಹೆ ನಮಗೆ ಹೊಂದದೆ ಹೋಗುವುದೂ ಇಲ್ಲೇ. ಮುಂಬೈ, ಚೆನ್ನೈ, ಕೋಲ್ಕತ್ತ ನಗರಗಳಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯ ಎಂಬ ನಿಯಮ ಬಹುಕಾಲ ಇತ್ತು. ಅಲ್ಲಿನ ಕುಟುಂಬಗಳಿಗೆ ಉಯಿಲು ಅಂದಕೂಡಲೇ ಪ್ರೊಬೇಟ್ ನೆನಪಾಗುತ್ತದೆ. ಕರ್ನಾಟಕದೊಳಗಿನ ಆಸ್ತಿಗೆ, ಕರ್ನಾಟಕದಲ್ಲೇ ಬರೆದ ಹಿಂದೂ ಉಯಿಲಿಗೆ ಅದು ಕಡ್ಡಾಯವಲ್ಲ. ಮುಸ್ಲಿಮರಿಗೂ ಕಡ್ಡಾಯವಿರಲಿಲ್ಲ, 2002ರ ತಿದ್ದುಪಡಿಯ ನಂತರ ಭಾರತೀಯ ಕ್ರೈಸ್ತರಿಗೂ ಇಲ್ಲ. ಹೀಗಾಗಿ ನಮ್ಮ ಕಡೆಯ ಎಕ್ಸಿಕ್ಯೂಟರ್‌ಗಳಲ್ಲಿ ಎಷ್ಟೋ ಜನ ಕೋರ್ಟಿನ ಮೆಟ್ಟಿಲು ಹತ್ತಿರುವುದೇ ಇಲ್ಲ. ಉಯಿಲಿನ ಬಲದಿಂದಲೇ ಆಸ್ತಿ ಅವರ ಸುಪರ್ದಿಗೆ ಬಂದಿರುತ್ತದೆ.

ಪ್ರೊಬೇಟ್ ಆಗಿದ್ದರೆ ನಿಮ್ಮ ಕೆಲಸ ಅರ್ಧ ಹಗುರ. ಪ್ರೊಬೇಟ್ ಸಿಕ್ಕ ಆರು ತಿಂಗಳೊಳಗೆ ಆಸ್ತಿಪಟ್ಟಿ, ಒಂದು ವರ್ಷದೊಳಗೆ ಲೆಕ್ಕ, ಎರಡನ್ನೂ ಆ ನ್ಯಾಯಾಲಯಕ್ಕೇ ಒಪ್ಪಿಸಬೇಕು ಎನ್ನುತ್ತದೆ ಉತ್ತರಾಧಿಕಾರ ಅಧಿನಿಯಮದ ಕಲಂ 317 (ಮುಂದೆ ಬರೀ ಕಲಂ ಎಂದಲ್ಲೆಲ್ಲ ಇದೇ ಅಧಿನಿಯಮ). ಒಪ್ಪಿಸದಿದ್ದರೆ ಆ ಕಡತದಲ್ಲೇ ಅರ್ಜಿ ಹಾಕಿ ಒಪ್ಪಿಸುವಂತೆ ಆದೇಶ ಕೇಳಬಹುದು. ಬೇಕೆಂದೇ ಒಪ್ಪಿಸದಿರುವುದು ಪ್ರೊಬೇಟ್ ರದ್ದುಪಡಿಸಲು ಕಲಂ 263ರಲ್ಲಿ ಹೇಳಿರುವ ಕಾರಣಗಳಲ್ಲೊಂದು. ಬೇಕೆಂದೇ ಸುಳ್ಳು ಪಟ್ಟಿ ಕೊಟ್ಟರೆ ಅದು ಸುಳ್ಳು ಸಾಕ್ಷ್ಯದ ಅಪರಾಧ. ಹೊಸ ದಾವೆ ಹೂಡುವುದಕ್ಕಿಂತ ಇದು ಅಗ್ಗ, ಬೇಗ. ನಿಮಗೆ ಅಡ್ಡಿಯಾಗಿರುವುದು ಲೆಕ್ಕ ಮಾತ್ರವಾದರೆ ಇದನ್ನು ಬಿಟ್ಟು ಬೇರೆ ಯೋಚಿಸಬೇಡಿ. ಪ್ರೊಬೇಟ್ ಆದ ಆಸ್ತಿಯ ಆಡಳಿತಕ್ಕೆ ಹೈಕೋರ್ಟ್ ನಿರ್ದೇಶನ ಕೊಡಲು ಕಲಂ 302 ಕೂಡ ಇದೆ.

ಪ್ರೊಬೇಟ್ ಆಗಿಲ್ಲ, ಎಕ್ಸಿಕ್ಯೂಟರ್ ಏನೂ ಮಾಡುತ್ತಲೂ ಇಲ್ಲ, ಉಯಿಲನ್ನು ಗೋದ್ರೇಜ್ ಬೀರುವಿನಲ್ಲಿಟ್ಟು ಸುಮ್ಮನಿದ್ದಾರೆ ಅನ್ನಿ. ಆಗ ನೀವೇ ಜಿಲ್ಲಾ ನ್ಯಾಯಾಲಯಕ್ಕೆ (ಬೆಂಗಳೂರಿನಲ್ಲಿ ಸಿಟಿ ಸಿವಿಲ್ ಕೋರ್ಟಿಗೆ) ಹೋಗಿ, ಹೊಣೆ ಹೊರುತ್ತೀರಾ ಬಿಡುತ್ತೀರಾ ಎಂದು ಅವರಿಗೆ ನೋಟಿಸ್ ಹೊರಡಿಸಬಹುದು. ಅವರು ಬಿಟ್ಟರೆ, ಅಥವಾ ಕೊಟ್ಟ ಗಡುವಿನೊಳಗೆ ಒಪ್ಪಿಕೊಳ್ಳದಿದ್ದರೆ, ಉಯಿಲಿನ ಪಾಲುದಾರರಿಗೆ, ಅದರಲ್ಲೂ ಉಳಿಕೆ ಆಸ್ತಿ (ಹೆಸರಿಸಿ ಕೊಟ್ಟದ್ದು ಬಿಟ್ಟು ಮಿಕ್ಕಿದ್ದು) ಪಡೆಯುವವರಿಗೆ, ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಶನ್, ಅಂದರೆ ಎಕ್ಸಿಕ್ಯೂಟರ್ ಬದಲು ಆಸ್ತಿಯ ಆಡಳಿತ ನಡೆಸಲು ಕೋರ್ಟು ಕೊಡುವ ಪತ್ರ, ಸಿಗುತ್ತದೆ. ಇಲ್ಲಿ ಕಾಲಮಿತಿ ನೋಡಿಕೊಳ್ಳಿ. ಪ್ರೊಬೇಟ್ ಅರ್ಜಿಗೂ ಕಾಲಮಿತಿ ಕಾಯ್ದೆಯ ಅನುಚ್ಛೇದ 137ರ 3 ವರ್ಷ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಆ 3 ವರ್ಷ ಶುರುವಾಗುವುದು ಸಾವಿನ ದಿನದಿಂದ ಅಲ್ಲ, ಅರ್ಜಿ ಹಾಕುವ ಹಕ್ಕು ಹುಟ್ಟಿದ ದಿನದಿಂದ. ಆ ದಿನ ಯಾವುದು ಎಂಬುದೇ ಜಗಳದ ವಿಷಯವಾಗಬಹುದು, ಹಾಗಾಗಿ ಎಳೆದಾಡಬೇಡಿ.

ಬಾಡಿಗೆ ವಸೂಲು ಮಾಡುತ್ತಾ, ಕಂದಾಯ ಕಟ್ಟುತ್ತಾ, ಯಜಮಾನಿಕೆ ನಡೆಸುತ್ತಿರುವ ಎಕ್ಸಿಕ್ಯೂಟರ್‌ಗೆ ಈ ದಾರಿ ಹೊಂದುವುದಿಲ್ಲ. ಅವರು ಹೊಣೆ ಹೊತ್ತಾಗಿದೆ. ಅಂಥವರ ವಿರುದ್ಧ ಬೇಕಾಗುವುದು ನೋಟಿಸ್, ರಾಜಿ ಅಥವಾ ದಾವೆ.

ನೋಟಿಸ್

ವಕೀಲರ ನೋಟಿಸ್ ಅಂದರೆ ಜಗಳದ ಆರಂಭ ಎಂದು ನಮ್ಮಲ್ಲಿ ಭಾವಿಸುತ್ತಾರೆ. ಹಾಗಾಗುವುದು ಅದನ್ನು ಬೈಗುಳದ ಪತ್ರದಂತೆ ಬರೆದಾಗ. ಒಳ್ಳೆಯ ನೋಟಿಸಿನಲ್ಲಿ ಆರೋಪ ಕಡಿಮೆ, ಪ್ರಶ್ನೆ ಹೆಚ್ಚು ಇರುತ್ತದೆ. ಸಾವಿನ ದಿನ ಯಾವ ಖಾತೆಯಲ್ಲಿ ಎಷ್ಟಿತ್ತು? ಸಾಲ ಎಷ್ಟು ತೀರಿಸಿದಿರಿ, ರಸೀದಿ ಎಲ್ಲಿ? ಬಾಡಿಗೆ ಎಷ್ಟು ಬಂತು? ಮನೆ ನನಗೆ ಸೇರಿದ್ದೆಂದು ಒಪ್ಪುತ್ತೀರಾ? ಉತ್ತರಕ್ಕೆ 15 ದಿನ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ತಲುಪಿದ ದಾಖಲೆ ಇಟ್ಟುಕೊಳ್ಳಿ.

ಕೊನೆಯ ಆ ಪ್ರಶ್ನೆಯೇ ಮುಖ್ಯ. ಪಾಲುದಾರರ ಹಕ್ಕು ಪೂರ್ಣವಾಗಲು ಎಕ್ಸಿಕ್ಯೂಟರ್ ಸಮ್ಮತಿ ಬೇಕು ಎನ್ನುತ್ತದೆ ಕಲಂ 332. ಆದರೆ ಆ ಸಮ್ಮತಿಗೆ ಛಾಪಾ ಕಾಗದ ಬೇಕಿಲ್ಲ. ಬಾಯಿಮಾತಿನಲ್ಲಿ ಕೊಟ್ಟರೂ, ನಡತೆಯಿಂದ ತೋರಿಸಿದರೂ ಸಾಕು. "ಅತ್ತಿಗೆ, ನಿಮ್ಮ ಮನೆ ಕಂದಾಯ ಕಟ್ಟಿದ್ದೀನಿ, ರಸೀದಿ ನೋಡಿ" ಎಂದು ಮೈದುನ ಹಿಂದೊಮ್ಮೆ ಕಳಿಸಿದ್ದ ಸಂದೇಶವನ್ನು ನಮ್ಮ ವಕೀಲರು ಎರಡೆರಡು ಸಲ ಓದಿದರು. 'ನಿಮ್ಮ ಮನೆ' ಎಂಬ ಎರಡು ಪದ ಅವರಿಗೆ ಬೇಕಾಗಿತ್ತು. ನಿಮ್ಮಲ್ಲೂ ಇಂಥದ್ದೊಂದು ಇದ್ದೀತು, ಹುಡುಕಿ.

ನೋಟಿಸಿಗೆ ಬರುವ ಉತ್ತರವೂ ದಾರಿ ತೋರಿಸುತ್ತದೆ. "ಸಾಲ ಇದೆ, ತೀರಿಸಿ ಕೊಡುತ್ತೇನೆ" ಎಂದರೆ ಲೆಕ್ಕದ ಪ್ರಶ್ನೆ. "ಉಯಿಲೇ ಸುಳ್ಳು" ಅಥವಾ "ಆಸ್ತಿ ನನ್ನದೇ" ಎಂದರೆ ಆ ದಿನಾಂಕವನ್ನು ದೊಡ್ಡದಾಗಿ ಬರೆದಿಡಿ. ಹಕ್ಕನ್ನು ಅಲ್ಲಗಳೆದ ದಿನದಿಂದ ಘೋಷಣೆಯ ದಾವೆಗೆ (ಹಕ್ಕು ನನ್ನದೆಂದು ಕೋರ್ಟು ಸಾರಲಿ ಎಂದು ಕೇಳುವುದಕ್ಕೆ) 3 ವರ್ಷದ ಗಡಿಯಾರ ಓಡಲು ಶುರುವಾಗುತ್ತದೆ. ಎಕ್ಸಿಕ್ಯೂಟರ್ ವಿರುದ್ಧ ಉಯಿಲಿನ ಪಾಲು ಕೇಳುವ ದಾವೆಗೆ 12 ವರ್ಷ ಇದೆ (ಕಾಲಮಿತಿ ಕಾಯ್ದೆಯ ಅನುಚ್ಛೇದ 106), ಪಾಲು ಕೊಡಬೇಕಾದ ದಿನದಿಂದ. ಇನ್ನೂ ಬೇಕಾದಷ್ಟು ಕಾಲವಿದೆ ಎಂದು ಆ 12ನ್ನು ನೆಚ್ಚಿ ಕೂತವರು 3ರಲ್ಲಿ ಸಿಕ್ಕಿಬೀಳಬಹುದು.

ಹಿರಿಯರ ಪಂಚಾಯ್ತಿ, ಮಧ್ಯಸ್ಥಿಕೆ ಕೇಂದ್ರ, ಲೋಕ ಅದಾಲತ್

ಮೂರನ್ನೂ ರಾಜಿ ಎಂದೇ ಕರೆಯುತ್ತೇವೆ, ಆದರೆ ತೂಕ ಒಂದೇ ಅಲ್ಲ. ಹಿರಿಯರ ಮುಂದೆ ಜಗಲಿಯಲ್ಲಿ ಕೂತು ಆಡಿದ ಮಾತು ಮುರಿದರೆ ಅದನ್ನು ಜಾರಿ ಮಾಡಿಸಲು ಮತ್ತೆ ದಾವೆಯೇ ಬೇಕು. ಬರೆಸಿಕೊಂಡರೂ, ಆ ಕಾಗದವೇ ಸ್ಥಿರಾಸ್ತಿಯಲ್ಲಿ ಹೊಸ ಹಕ್ಕು ಹುಟ್ಟಿಸುವ ಪಾಲುಪಾರೀಖತ್ತಾದರೆ ನೋಂದಣಿ ಬೇಕು. ನೋಂದಣಿಯಾಗದ ಕಾಗದ ಹಿಡಿದು ಓಡಾಡುವವರನ್ನು ಪ್ರತಿ ತಾಲ್ಲೂಕು ಕೋರ್ಟಿನ ಜಗಲಿಯಲ್ಲೂ ಕಾಣಬಹುದು.

ಲೋಕ ಅದಾಲತ್ತಿನಲ್ಲಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ (ಜಾರಿ ಮಾಡಿಸಬಹುದಾದ ತೀರ್ಪಿಗೆ) ಸಮ. ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕ ವಾಪಸ್ಸು ಬರುತ್ತದೆ. ದಾವೆ ಹೂಡುವ ಮೊದಲೇ ಅಲ್ಲಿಗೆ ವಿಷಯ ಒಯ್ಯಬಹುದು. ಕೋರ್ಟಿನಿಂದ ಕಳಿಸಿದ ಪ್ರಕರಣಗಳಿಗೆ ಬೆಂಗಳೂರಿನಲ್ಲಿ 2007ರಿಂದ ಮಧ್ಯಸ್ಥಿಕೆ ಕೇಂದ್ರವಿದೆ, ಜಿಲ್ಲೆಗಳಲ್ಲೂ ಇವೆ. ತರಬೇತಾದ ಮಧ್ಯಸ್ಥರು ಎರಡೂ ಕಡೆಯವರನ್ನು ಒಟ್ಟಿಗೂ ಬೇರೆ ಬೇರೆಯಾಗಿಯೂ ಕೂರಿಸಿ ಮಾತಾಡುತ್ತಾರೆ. ಅಲ್ಲಿ ಆಡಿದ್ದು ಗುಟ್ಟಾಗಿರುತ್ತದೆ, ಅದನ್ನು ಆಮೇಲೆ ಕೋರ್ಟಿನಲ್ಲಿ ನಿಮ್ಮ ವಿರುದ್ಧ ಬಳಸುವಂತಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಎಕ್ಸಿಕ್ಯೂಟರ್ ಒಳಗೆ ಏನೋ ನೋವಿದ್ದು ತಡೆ ಹಿಡಿದಿದ್ದರೆ ರಾಜಿ ಬಲು ಚೆನ್ನಾಗಿ ಕೆಲಸ ಮಾಡುತ್ತದೆ. ಅಣ್ಣನ ಕಾಯಿಲೆಗೆ ತಾನು ಮಾಡಿದ ಖರ್ಚನ್ನು ಯಾರೂ ನೆನೆಯಲಿಲ್ಲ, ತನಗೆ ಉಯಿಲಿನಲ್ಲಿ ಏನೂ ಬರೆಯಲಿಲ್ಲ ಎಂಬಂಥ ನೋವು. ಹಣ ಖರ್ಚಾಗಿಹೋಗಿ, ಅದನ್ನು ಮುಚ್ಚಲು ಮುಂದೂಡುತ್ತಿದ್ದರೆ ರಾಜಿಯ ಮಾತುಕತೆ ಅವರಿಗೆ ಇನ್ನಷ್ಟು ಕಾಲ ಕೊಡುತ್ತದೆ ಅಷ್ಟೇ. ಗುರುತಿಸುವುದು ಹೇಗೆ? ಮೊದಲ ಸಭೆಗೇ ಆಸ್ತಿಪಟ್ಟಿ ತರಲು ಹೇಳಿ. ತಂದರೆ ಮುಂದುವರಿಸಿ, ತರದಿದ್ದರೆ ಎರಡನೆಯ ಸಭೆಗೆ ಒಪ್ಪಬೇಡಿ.

ದಾವೆಗಳಲ್ಲಿ ಯಾವುದು?

ಇದೇ ಹೆಚ್ಚು ಗೊಂದಲದ ಜಾಗ, ಇಲ್ಲಿ ನಿಧಾನ ಮಾಡೋಣ.

ನಿಮಗೆ ಬರಬೇಕಾದ್ದು ಒಂದೇ ನಿರ್ದಿಷ್ಟ ಆಸ್ತಿ, ಸಾಲಗಳಿಲ್ಲ, ಬೇರೆ ಪಾಲುದಾರರ ತಕರಾರಿಲ್ಲ ಅಂತಾದರೆ ನೇರ ದಾವೆ ಸಾಕು: ಹಕ್ಕು ಘೋಷಣೆ, ಸ್ವಾಧೀನ, ಬಂದ ಬಾಡಿಗೆಯ ವಸೂಲಿ. ಅದರಲ್ಲಿ ಉಯಿಲನ್ನು ಸಾಬೀತುಪಡಿಸಬೇಕು. ಅಂದರೆ ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬರಾದರೂ ಬಂದು ನುಡಿಯಬೇಕು. ಸಾಕ್ಷಿಗಳಿಗೆ ವಯಸ್ಸಾಗಿದ್ದರೆ ಇದೊಂದೇ ಕಾರಣಕ್ಕಾದರೂ ತಡಮಾಡಬೇಡಿ.

ಆಸ್ತಿ ಹಲವು, ಪಾಲುದಾರರು ಹಲವರು, ಏನೇನಿದೆ ಎಂಬುದೇ ಗೊತ್ತಿಲ್ಲ ಅಂತಾದರೆ ಆಡಳಿತ ದಾವೆ ಹೂಡಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 20, ನಿಯಮ 13 ಇದಕ್ಕೆಂದೇ ಇದೆ. ಇದರಲ್ಲಿ ನೀವು ಬರೀ ನಿಮ್ಮ ಪಾಲು ಕೇಳುವುದಿಲ್ಲ, ಸತ್ತವರ ಇಡೀ ಆಸ್ತಿಯ ಆಡಳಿತ ನ್ಯಾಯಾಲಯದ ಕಣ್ಣೆದುರು ನಡೆಯಲಿ ಎಂದು ಕೇಳುತ್ತೀರಿ. ಮೊದಲು ಪ್ರಾಥಮಿಕ ಡಿಕ್ರಿ ಆಗಿ ಲೆಕ್ಕ ತೆಗೆಯಲು ಆದೇಶವಾಗುತ್ತದೆ. ಬೇಕಾದರೆ ಲೆಕ್ಕ ಪರಿಶೀಲಿಸಲು ಕಮಿಷನರ್ ನೇಮಕವಾಗುತ್ತದೆ, ಬ್ಯಾಂಕಿನಿಂದ ದಾಖಲೆ ತರಿಸಲಾಗುತ್ತದೆ. ಸಾಲ ತೀರಿಸಿ, ಉಳಿದದ್ದನ್ನು ಅಂತಿಮ ಡಿಕ್ರಿಯಲ್ಲಿ ಹಂಚುತ್ತಾರೆ. ತಪ್ಪು ಬಳಕೆಯಿಂದಲೋ ಅಲಕ್ಷ್ಯದಿಂದಲೋ ಆಸ್ತಿಗೆ ನಷ್ಟವಾಗಿದ್ದರೆ ಎಕ್ಸಿಕ್ಯೂಟರ್ ತುಂಬಿಕೊಡಬೇಕು ಎನ್ನುವ ಕಲಂ 368, 369 ಇಲ್ಲಿ ಕೆಲಸಕ್ಕೆ ಬರುತ್ತವೆ. ಅವರು ತಾವೇ ಅಥವಾ ಬೇನಾಮಿಯಾಗಿ ಆಸ್ತಿ ಕೊಂಡುಕೊಂಡಿದ್ದರೆ, ಹಿತಾಸಕ್ತಿಯುಳ್ಳವರು ಆ ಮಾರಾಟವನ್ನು ರದ್ದು ಮಾಡಿಸಬಹುದು.

ದಾವೆ ಮುಗಿಯಲು ವರ್ಷಗಳು ಬೇಕು. ಆದರೆ ಅದರ ಉಪಯೋಗ ಮುಗಿದ ದಿನ ಮಾತ್ರ ಸಿಗುವುದಿಲ್ಲ. ಹೂಡಿದ ವಾರದಲ್ಲೇ ಮಾರಾಟಕ್ಕೆ ತಾತ್ಕಾಲಿಕ ತಡೆಯಾಜ್ಞೆ ಕೇಳಬಹುದು. ಬಾಡಿಗೆ ಕೋರ್ಟಿಗೇ ಜಮೆಯಾಗಲಿ ಎಂದು, ಇಲ್ಲವೇ ಆಸ್ತಿ ನೋಡಿಕೊಳ್ಳಲು ಕೋರ್ಟೇ ಒಬ್ಬ ರಿಸೀವರ್ ನೇಮಿಸಲಿ ಎಂದು ಕೇಳಬಹುದು. ದಾವೆ ನಡೆಯುವಾಗ ಯಾರಾದರೂ ಆ ಆಸ್ತಿ ಕೊಂಡರೆ, ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 52ರಂತೆ ಅವರೂ ತೀರ್ಪಿಗೆ ಬದ್ಧರು. ಅತ್ತೆಯ ಪ್ರಕರಣದಲ್ಲಿ ಬಾಡಿಗೆ ಕೋರ್ಟಿಗೆ ಕಟ್ಟಬೇಕು ಎಂಬ ಮಧ್ಯಂತರ ಆದೇಶ ಬಂತು. ಅಲ್ಲಿಯವರೆಗೆ ದಸರೆಯ ಮಾತಾಡುತ್ತಿದ್ದವರು ಎರಡು ತಿಂಗಳಲ್ಲಿ ಮಧ್ಯಸ್ಥಿಕೆಗೆ ಬಂದು ಕೂತರು. ತಡಮಾಡುವುದರಲ್ಲಿ ಅವರಿಗೆ ಸಿಗುತ್ತಿದ್ದ ಲಾಭ ನಿಂತಿತ್ತು.

ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ, 1987ರಲ್ಲೇ ಅದಿದೆ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ, ಸಹಾಯವಾಣಿ 15100. ವಿಧವೆಯರೂ ಹೆಣ್ಣುಮಕ್ಕಳೂ ವಕೀಲರ ಫೀಸಿಗೆ ಹೆದರಿ ಪಾಲು ಬಿಟ್ಟುಕೊಡುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಎಕ್ಸಿಕ್ಯೂಟರನ್ನೇ ತೆಗೆಸುವುದು

ಕಲಂ 301ರಂತೆ ಹೈಕೋರ್ಟ್ ಖಾಸಗಿ ಎಕ್ಸಿಕ್ಯೂಟರನ್ನು ಅಮಾನತಿನಲ್ಲಿಡಬಹುದು, ತೆಗೆಯಬಹುದು, ಬೇರೊಬ್ಬರನ್ನು ನೇಮಿಸಬಹುದು. ಆ ಅಧಿಕಾರ ಹೈಕೋರ್ಟಿನದ್ದು. ನಮ್ಮಲ್ಲಿ ಅಂದರೆ ಬೆಂಗಳೂರು, ಇಲ್ಲವೇ ಧಾರವಾಡ, ಕಲಬುರಗಿ ಪೀಠ. ಸಿಟ್ಟು ಬಂದವರಿಗೆ ಮೊದಲು ಹೊಳೆಯುವುದು ಇದೇ. ಅಷ್ಟು ಅವಸರ ಬೇಡ ಎನ್ನುತ್ತೇನೆ. ಉಯಿಲು ಬರೆದವರು ನಂಬಿ ಆರಿಸಿದ ವ್ಯಕ್ತಿಯನ್ನು ಬರೀ ಮನಸ್ತಾಪಕ್ಕೋ ತಡಕ್ಕೋ ಕೋರ್ಟು ತೆಗೆಯುವುದು ಅಪರೂಪ. ಆಸ್ತಿಗೆ ಹಾನಿಯಾಗುತ್ತಿದೆ, ಹಣ ದುರ್ಬಳಕೆಯಾಗಿದೆ ಎಂದು ತೋರಿಸಬೇಕು. ತೆಗೆದರೂ ನಿಮ್ಮ ಪಾಲು ಆ ದಿನವೇ ಕೈಗೆ ಬರುವುದಿಲ್ಲ, ಹೊಸಬರು ಲೆಕ್ಕವನ್ನು ಮೊದಲಿನಿಂದ ಹಿಡಿಯುತ್ತಾರೆ. ಕೆಲಸ ಇನ್ನೂ ಬಹಳ ಉಳಿದಿರುವ ದೊಡ್ಡ ಆಸ್ತಿಗೆ, ಅಪ್ರಾಪ್ತ ಮಕ್ಕಳ ಪಾಲನ್ನು ವರ್ಷಗಟ್ಟಲೆ ನೋಡಿಕೊಳ್ಳಬೇಕಾದಲ್ಲಿ ಇದು ಸರಿ. ಉಳಿದಿರುವುದು ಒಂದು ಮನೆ, ಎರಡು ಠೇವಣಿ ಅಷ್ಟೇ ಆಗಿದ್ದರೆ ದಾವೆಯೇ ಮೇಲು. ಉಯಿಲಿನ ಸಿಂಧುತ್ವ ಅಥವಾ ಪ್ರೊಬೇಟಿನ ಬಗ್ಗೆಯೇ ದಾವೆ ನಡೆಯುತ್ತಿದ್ದರೆ, ಅದು ಮುಗಿಯುವವರೆಗೆ ಆಸ್ತಿ ನೋಡಿಕೊಳ್ಳಲು ಆಡಳಿತಗಾರರನ್ನು ನೇಮಿಸಲು ಕಲಂ 247 ಇದೆ.

ಎಕ್ಸಿಕ್ಯೂಟರ್‌ಗೂ ಉಯಿಲಿನಲ್ಲಿ ಪಾಲಿದೆಯೇ ನೋಡಿ. ಆ ಕೆಲಸ ವಹಿಸಿಕೊಳ್ಳುವ ಮನಸ್ಸು ತೋರಿಸದೆ ತಮ್ಮ ಪಾಲನ್ನು ಅವರು ಪಡೆಯುವಂತಿಲ್ಲ ಎನ್ನುತ್ತದೆ ಕಲಂ 141. ಮಾತುಕತೆಯಲ್ಲಿ ಇದನ್ನು ಮೆತ್ತಗೆ ನೆನಪಿಸಬಹುದು.

ಪೊಲೀಸ್ ದೂರು, ತಹಶೀಲ್ದಾರರ ತಕರಾರು

ಭಾರತೀಯ ನ್ಯಾಯ ಸಂಹಿತೆಯ ಕಲಂ 316ರ ನಂಬಿಕೆದ್ರೋಹ ಅನ್ವಯಿಸಬಹುದು, ಆದರೆ ಪಾಲು ಕೊಡಲು ತಡವಾಯಿತು ಎಂಬಷ್ಟಕ್ಕೇ ಠಾಣೆಗೆ ಹೋದರೆ ಸಿವಿಲ್ ವ್ಯಾಜ್ಯ ಎಂದು ವಾಪಸ್ಸು ಕಳಿಸುತ್ತಾರೆ, ರಾಜಿಯ ಬಾಗಿಲೂ ಮುಚ್ಚುತ್ತದೆ. ಖೋಟಾ ಸಹಿ, ತಿದ್ದಿದ ಉಯಿಲು, ಸತ್ತ ಮೇಲೆ ಅವರ ಎಟಿಎಂ ಕಾರ್ಡಿನಿಂದಲೋ ಸಹಿ ಹಾಕಿಟ್ಟ ಚೆಕ್ಕಿನಿಂದಲೋ ತೆಗೆದ ಹಣ ಇದ್ದರೆ ಮಾತು ಬೇರೆ. ಆಗ ತಡಮಾಡದೆ ದೂರು ಕೊಡಿ, ಬ್ಯಾಂಕಿಗೂ ಬರೆದು ತಿಳಿಸಿ.

ಜಮೀನಿನ ಖಾತೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಹೊರಟಿದ್ದರೆ ಮ್ಯುಟೇಶನ್ ನೋಟಿಸಿನ ಅವಧಿಯೊಳಗೇ ತಹಶೀಲ್ದಾರರಲ್ಲಿ ತಕರಾರು ಹಾಕಿ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಬರುವುದಿಲ್ಲ. ಆದರೂ ಆ ಹೆಸರು ತೋರಿಸಿ ಬೆಳೆಸಾಲ ಎತ್ತಬಹುದು, ಕೊಳ್ಳುವವರನ್ನು ನಂಬಿಸಬಹುದು. ಇನ್ನೊಂದು: ಪಿತ್ರಾರ್ಜಿತ ಕೂಡುಕುಟುಂಬದ ಆಸ್ತಿಯಲ್ಲಿ ತೀರಿಕೊಂಡವರು ಉಯಿಲು ಬರೆಯಬಹುದಾದ್ದು ತಮ್ಮ ಪಾಲಿಗೆ ಮಾತ್ರ. ಉಳಿದ ಪಾಲಿನ ಮೇಲೆ ಎಕ್ಸಿಕ್ಯೂಟರ್‌ಗೆ ಯಾವ ಅಧಿಕಾರವೂ ಇಲ್ಲ, ಅದಕ್ಕೆ ವಿಭಾಗದ ದಾವೆಯೇ ಬೇರೆ.

ಹೊರದೇಶದಲ್ಲಿದ್ದರೆ

ಅತ್ತೆಯ ಕಿರಿಯ ಮಗಳು ಹೊರದೇಶದಲ್ಲಿ. ಪ್ರತಿ ವಾಯಿದೆಗೂ ಬರಲಾಗುವುದಿಲ್ಲ, ಬರಬೇಕಾಗಿಯೂ ಇಲ್ಲ. ಭಾರತದ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರಪತ್ರ ಕಳಿಸಿದರೆ ಇಲ್ಲಿ ಬೇರೊಬ್ಬರು ದಾವೆ ನಡೆಸಬಹುದು. ಆ ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು, ಇದನ್ನು ಮರೆತವರು ಬಹಳ. ಅಧಿಕಾರಪತ್ರವನ್ನು ಎಕ್ಸಿಕ್ಯೂಟರ್ ಹೆಸರಿಗೇ ಬರೆದು ಕಳಿಸಬೇಡಿ. "ನೀನು ಬರೋದು ಯಾಕೆ, ನನಗೇ ಪವರ್ ಕೊಡು" ಎಂಬ ಮಾತು ಎಷ್ಟೋ ಮನೆಗಳಲ್ಲಿ ಬರುತ್ತದೆ. ಪಾಲಿನ ಹಣ ಕೈಸೇರಿದ ಮೇಲೆ ಎನ್‌ಆರ್‌ಒ ಖಾತೆಯಿಂದ (ಅನಿವಾಸಿ ಭಾರತೀಯರು ಇಲ್ಲಿ ಇಡುವ ರೂಪಾಯಿ ಖಾತೆ) ಒಂದು ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಒಯ್ಯಬಹುದು.

ಕೊಡುವ ದಿನ

ಕೊನೆಗೂ ಕೊಡಲು ಒಪ್ಪಿದ ದಿನವೇ ಜನ ಮೈಮರೆಯುವುದು. ಅತ್ತೆಯ ಮುಂದೆ ಮೈದುನನ ವಕೀಲರು ಇಟ್ಟ ರಸೀದಿಯ ಕರಡಿನಲ್ಲಿ "ನನಗೆ ಬರಬೇಕಾದ್ದೆಲ್ಲ ಸಂದಿದೆ, ಇನ್ನು ಮುಂದೆ ಯಾವ ಹಕ್ಕೂ ಇರುವುದಿಲ್ಲ" ಎಂದಿತ್ತು. ಅವತ್ತು ಕೈಗೆ ಬಂದದ್ದು ಮನೆಯ ಕಾಗದಗಳು ಮಾತ್ರ. ಮೂವತ್ತನಾಲ್ಕು ತಿಂಗಳ ಬಾಡಿಗೆ ಬಾಕಿ ಇತ್ತು. ನಮ್ಮ ವಕೀಲರು ಆ ವಾಕ್ಯವನ್ನು ಹೊಡೆಸಿ, ಯಾವ ದಿನ ಯಾವ ಪತ್ರ ಪಡೆದೆ ಎಂದು ಒಂದೊಂದಾಗಿ ಬರೆಸಿ, ಬಾಡಿಗೆಯನ್ನು ಎರಡು ಕಂತಿನಲ್ಲಿ ಯಾವ ಯಾವ ತಾರೀಖಿಗೆ ಕೊಡಬೇಕೆಂದು ರಾಜಿ ಪತ್ರಕ್ಕೆ ಸೇರಿಸಿ, ಅದರ ಮೇಲೆ ಕೋರ್ಟಿನಿಂದ ಡಿಕ್ರಿ ಮಾಡಿಸಿದರು. ಆಮೇಲೆ ಅತ್ತೆ ಸಹಿ ಹಾಕಿದರು, ಕೆಂಪು ದಾರದ ಬೀಗದಕೈ ತೆಗೆದುಕೊಂಡರು.